ಹಂಫ್ರಿ ಡೇವಿ

ಸರ್ ಹಂಫ್ರಿ ಡೇವಿ (ಡಿಸೆಂಬರ್ 17, 1778 – ಮೇ 29, 1829) ಇಂಗ್ಲೆಂಡಿನ ಪ್ರಸಿದ್ಧ ರಸಾಯನವಿಜ್ಞಾನಿ. ವಿದ್ಯುತ್ತಿನ ನೆರವಿನಿಂದ ಪೊಟ್ಯಾಸಿಯಮ್, ಸೋಡಿಯಮ್ ಮುಂತಾದ ಲೋಹಗಳನ್ನು ಮೊತ್ತಮೊದಲ ಬಾರಿಗೆ ಬೇರ್ಪಡಿಸಿದವನು, ಕ್ಲೋರಿನ್ ಒಂದು ಮೂಲಧಾತು ಎಂದು ತೋರಿಸಿಕೊಟ್ಟವನು, ಕಲ್ಲಿದ್ದಲು ಗಣಿಗಳ ರಕ್ಷಾದೀಪವನ್ನು ರೂಪಿಸಿದವನು ಎಂದು ಈತ ಹೆಸರಾಗಿದ್ದಾನೆ. 1823ರಿಂದ 1825ರವರೆಗೆ ಯುದ್ಧನೌಕೆಗಳ ತಾಮ್ರದ ಹೊದಿಕೆ ಸಮುದ್ರದ ನೀರಿನಲ್ಲಿ ಸವೆಯದಂತೆ ತಡೆಯಲು ಈತ ನಡೆಸಿದ ಪ್ರಯೋಗಗಳು ಅಷ್ಟು ಪ್ರಸಿದ್ಧವಲ್ಲ. ಇಂದು ತೈಲ ಸಂಸ್ಕರಣಾಗಾರ, ರಸಗೊಬ್ಬರ ಕಾರ್ಖಾನೆ, ಅನಿಲ ಕೊಳವೆಮಾರ್ಗ ಮುಂತಾದ ಕಡೆಗಳಲ್ಲಿ ಲೋಹವನ್ನು ತುಕ್ಕಿನಿಂದ ಕಾಪಾಡುವ ಕ್ಯಾಥೋಡಿಕ್ ಸಂರಕ್ಷಣೆ ಎಂಬ ವಿಧಾನ ಆ ಪ್ರಯೋಗಗಳಿಂದಲೇ ಆರಂಭವಾಯಿತು. ಆದರೆ ಡೇವಿಯ ಜೀವಿತಕಾಲದಲ್ಲಿ ಅದು ದೊಡ್ಡ ಸೋಲೆಂದೇ ಗಣನೆಗೆ ಬಂದಿತು.

ಬಾಲ್ಯ ಮತ್ತು ಶಿಕ್ಷಣ

ಡೇವಿ ಹುಟ್ಟಿದ್ದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತ್ಯದ ಪೆನ್ಜಾನ್ಸ್ ಪಟ್ಟಣದಲ್ಲಿ. ತಂದೆ ರಾಬರ್ಟ್ ಡೇವಿ ಮರದ ಕೆತ್ತನೆಯ ಕುಶಲಕರ್ಮಿ, ತಾಯಿ ಗ್ರೇಸ್ ಮಿಲೆಟ್. ಐವರು ಮಕ್ಕಳಲ್ಲಿ ಹಂಫ್ರಿಯೇ ಹಿರಿಯ. ಪೆನ್ಜಾನ್ಸ್ ಮತ್ತು ಟ್ರೂರೋದ ಶಾಲೆಗಳಲ್ಲಿ ಓದಿದ ಈತನಿಗೆ ತರಗತಿಯ ಪಾಠಕ್ಕಿಂತ ಕಥೆ ಹೇಳುವುದರಲ್ಲಿ, ಕವನ ಕಟ್ಟುವುದರಲ್ಲಿ, ಮೀನು ಹಿಡಿಯುವುದರಲ್ಲಿ ಹೆಚ್ಚು ಆಸಕ್ತಿಯಿತ್ತು. 1794ರಲ್ಲಿ ತಂದೆ ತೀರಿಕೊಂಡಾಗ ಸಂಸಾರದ ಮೇಲೆ ಸಾಲದ ಹೊರೆಯಿತ್ತು. ಮರುವರ್ಷ ಹಂಫ್ರಿಯನ್ನು ಊರಿನ ವೈದ್ಯ ಹಾಗೂ ಔಷಧ ತಯಾರಕ ಬಿಂಗಮ್ ಬೋರ್ಲೇಸ್ ಎಂಬಾತನ ಬಳಿ ಕೆಲಸ ಕಲಿಯಲು ಸೇರಿಸಲಾಯಿತು. ಔಷಧ ಅರೆಯುವ ಆ ಕೋಣೆಯೇ ಡೇವಿಯ ಮೊದಲ ಪ್ರಯೋಗಶಾಲೆಯಾಯಿತು. ಫ್ರೆಂಚ್ ವಿಜ್ಞಾನಿ ಲವಾಸಿಯೆಯ ರಸಾಯನಶಾಸ್ತ್ರ ಗ್ರಂಥವನ್ನು ಆತ ಸ್ವಂತ ಪ್ರಯತ್ನದಿಂದ ಓದಿಕೊಂಡ.

ಈ ದಿನಗಳಲ್ಲಿ ಡೇವಿಯ ಪ್ರತಿಭೆಯನ್ನು ಗುರುತಿಸಿದವನು ಡೇವೀಸ್ ಗಿಡ್ಡಿ. (ಈತ ಮುಂದೆ ಗಿಲ್ಬರ್ಟ್ ಎಂಬ ಮನೆತನದ ಹೆಸರು ಪಡೆದು ರಾಯಲ್ ಸೊಸೈಟಿಯ ಅಧ್ಯಕ್ಷನೂ ಆದ.) ಗಿಡ್ಡಿಯ ಪರಿಚಯದಿಂದ ಡೇವಿಗೆ ಹೇಲ್ ಎಂಬ ಬಂದರಿನಲ್ಲಿದ್ದ ಡಾ. ಎಡ್ವರ್ಡ್ಸ್‌ನ ಪ್ರಯೋಗಶಾಲೆಯ ಬಾಗಿಲು ತೆರೆಯಿತು. ಹೇಲ್ ಬಂದರಿನ ತೂಬಿನ ಬಾಗಿಲುಗಳಲ್ಲಿ ತಾಮ್ರವೂ ಕಬ್ಬಿಣವೂ ಒಂದಕ್ಕೊಂದು ತಾಗಿಕೊಂಡಿದ್ದು, ಉಪ್ಪುನೀರಿನಲ್ಲಿ ಅವು ಬಹುಬೇಗ ಹಾಳಾಗುತ್ತಿದ್ದವು. ಎಡ್ವರ್ಡ್ಸ್ ಇದನ್ನು ಹುಡುಗನ ಗಮನಕ್ಕೆ ತಂದಿರಬಹುದೆಂದು ಹೇಳಲಾಗುತ್ತದೆ. ವೋಲ್ಟಾನ ವಿದ್ಯುತ್ಕೋಶ ಇನ್ನೂ ಬಂದಿರದ ಆ ಕಾಲದಲ್ಲಿ ಎರಡು ಲೋಹಗಳ ಸ್ಪರ್ಶಕ್ಕೂ ಸವೆತಕ್ಕೂ ಇರುವ ನಂಟನ್ನು ವಿವರಿಸಬಲ್ಲವರು ಯಾರೂ ಇರಲಿಲ್ಲ. ಸುಮಾರು ಕಾಲು ಶತಮಾನದ ಬಳಿಕ ಇದೇ ಪ್ರಶ್ನೆ ನೌಕಾದಳದ ಮೂಲಕ ಡೇವಿಯ ಮುಂದೆ ಬಂದು ನಿಂತಿತು.

ಬ್ರಿಸ್ಟಲ್

1798ರಲ್ಲಿ ಡೇವಿ ಬ್ರಿಸ್ಟಲ್ ನಗರದಲ್ಲಿ ಡಾ. ಥಾಮಸ್ ಬೆಡ್ಡೋಸ್ ಸ್ಥಾಪಿಸುತ್ತಿದ್ದ ಅನಿಲ ಚಿಕಿತ್ಸಾ ಸಂಸ್ಥೆಗೆ ಸೇರಿದ. ಹೊಸದಾಗಿ ಪತ್ತೆಯಾಗಿದ್ದ ಅನಿಲಗಳನ್ನು ಉಸಿರಾಡಿಸಿ ರೋಗ ಗುಣಪಡಿಸಬಹುದೇ ಎಂದು ನೋಡುವುದು ಆ ಸಂಸ್ಥೆಯ ಉದ್ದೇಶವಾಗಿತ್ತು. ಡೇವಿ ನೈಟ್ರಸ್ ಆಕ್ಸೈಡನ್ನು, ಎಂದರೆ ನಗೆ ಅನಿಲವನ್ನು, ತಾನೇ ಮತ್ತೆ ಮತ್ತೆ ಸೇದಿ ಅದರ ಪರಿಣಾಮಗಳನ್ನು ದಾಖಲಿಸಿದ. ಇತರ ಅನಿಲಗಳನ್ನೂ ಹೀಗೆಯೇ ಪರೀಕ್ಷಿಸಲು ಹೋಗಿ ಪ್ರಾಣಾಪಾಯಕ್ಕೂ ಗುರಿಯಾದ. 1800ರಲ್ಲಿ ಪ್ರಕಟವಾದ ಈತನ ಗ್ರಂಥದಲ್ಲಿ ನಗೆ ಅನಿಲ ನೋವನ್ನು ಮರೆಸುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಉಪಯೋಗವಾಗಬಹುದೆಂಬ ಸೂಚನೆಯಿದೆ. ವೈದ್ಯರು ಅದನ್ನು ಕೈಗೆತ್ತಿಕೊಳ್ಳಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ರಾಯಲ್ ಇನ್‌ಸ್ಟಿಟ್ಯೂಷನ್ ಮತ್ತು ವಿದ್ಯುತ್ ರಸಾಯನ

1801ರಲ್ಲಿ ಡೇವಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ಗೆ ಬಂದ. ಅಲ್ಲಿ ಆತ ನೀಡುತ್ತಿದ್ದ ಪ್ರಯೋಗಸಹಿತ ಉಪನ್ಯಾಸಗಳಿಗೆ ನಗರದ ಗಣ್ಯರು ಮುಗಿಬೀಳುತ್ತಿದ್ದರು. ಚರ್ಮ ಹದಮಾಡುವುದು, ಬೇಸಾಯದ ರಸಾಯನ, ಖನಿಜಗಳ ಪರೀಕ್ಷೆ ಹೀಗೆ ದಿನಬಳಕೆಯ ವಿಷಯಗಳನ್ನೂ ಆತ ಕೈಗೆತ್ತಿಕೊಂಡ. ಆದರೆ ಆತನ ಮನಸ್ಸನ್ನು ಹಿಡಿದಿಟ್ಟದ್ದು ವೋಲ್ಟಾ 1800ರಲ್ಲಿ ಪ್ರಕಟಪಡಿಸಿದ ವಿದ್ಯುತ್ಕೋಶ.

ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನಿಟ್ಟರೆ ವಿದ್ಯುತ್ತು ಹರಿಯುತ್ತದೆ. ಲೋಹಗಳು ಬರಿದೇ ತಾಗಿದ್ದರಿಂದ ಅದು ಹುಟ್ಟುತ್ತದೆಯೆಂದು ವೋಲ್ಟಾ ಭಾವಿಸಿದ್ದ. ಅಲ್ಲಿ ನಡೆಯುವ ರಾಸಾಯನಿಕ ಬದಲಾವಣೆಗೆ ಇದರಲ್ಲಿ ಮುಖ್ಯ ಪಾತ್ರವಿದೆಯೆಂದು ಡೇವಿ ಪ್ರತಿಪಾದಿಸಿದ. 1806ರ ಬೇಕರ್ ಉಪನ್ಯಾಸದಲ್ಲಿ ಆತ ಮುಂದಿಟ್ಟ ವಿಚಾರದಂತೆ ರಾಸಾಯನಿಕ ಆಕರ್ಷಣೆಗೂ ವಿದ್ಯುತ್ ಸ್ಥಿತಿಗೂ ನೇರ ಸಂಬಂಧವಿದೆ. ಒಂದು ಪದಾರ್ಥದ ವಿದ್ಯುತ್ ಸ್ಥಿತಿಯನ್ನು ಬದಲಿಸಿದರೆ ಅದರ ರಾಸಾಯನಿಕ ವರ್ತನೆಯೂ ಬದಲಾಗಬೇಕು. ಈ ಉಪನ್ಯಾಸಕ್ಕೆ, ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದಾಗಲೇ, ನೆಪೋಲಿಯನ್ ಸ್ಥಾಪಿಸಿದ್ದ ಬಹುಮಾನವನ್ನು ಫ್ರೆಂಚ್ ವಿದ್ವತ್ ಸಂಸ್ಥೆ ನೀಡಿತು. ಹಡಗಿನ ತಾಮ್ರದ ಪ್ರಯೋಗಗಳಿಗೆಲ್ಲ ಆಧಾರವಾದದ್ದೂ ಇದೇ ವಿಚಾರ.

1807ರ ಅಕ್ಟೋಬರಿನಲ್ಲಿ ಡೇವಿ ಕರಗಿದ ಪೊಟ್ಯಾಷ್ ಕ್ಷಾರದ ಮೂಲಕ ವಿದ್ಯುತ್ತನ್ನು ಹಾಯಿಸಿ ಪೊಟ್ಯಾಸಿಯಮ್ ಲೋಹವನ್ನು ಪಡೆದ. ಕೆಲವೇ ದಿನಗಳಲ್ಲಿ ಸೋಡಿಯಮ್ ಕೂಡ ದೊರೆಯಿತು. 1808ರಲ್ಲಿ ಮೆಗ್ನೀಸಿಯಮ್, ಕ್ಯಾಲ್ಸಿಯಮ್, ಸ್ಟ್ರಾನ್ಷಿಯಮ್, ಬೇರಿಯಮ್‌ಗಳನ್ನು ಬೇರ್ಪಡಿಸಿದ. ಉಪ್ಪಿನಿಂದ ಪಡೆಯುವ ಹಸಿರು ಅನಿಲದಲ್ಲಿ ಆಮ್ಲಜನಕ ಅಡಗಿದೆಯೆಂಬ ನಂಬಿಕೆಯನ್ನು ಪರೀಕ್ಷೆಗೊಡ್ಡಿ, ಅದನ್ನು ಮತ್ತೆ ಒಡೆಯಲಾಗದೆಂದು ಕಂಡು, 1810ರಲ್ಲಿ ಅದಕ್ಕೆ ಕ್ಲೋರಿನ್ ಎಂದು ಹೆಸರಿಟ್ಟ. 1812ರ ಏಪ್ರಿಲಿನಲ್ಲಿ ನೈಟ್ ಪದವಿ ಪಡೆದ ಡೇವಿ, ಮೂರು ದಿನಗಳ ಬಳಿಕ ಜೇನ್ ಅಪ್ರೀಸ್ ಎಂಬ ಶ್ರೀಮಂತ ವಿಧವೆಯನ್ನು ಮದುವೆಯಾದ. ಅದೇ ವರ್ಷ ನೈಟ್ರೋಜನ್ ಟ್ರೈಕ್ಲೋರೈಡ್ ಸಿಡಿದು ಕಣ್ಣಿಗೆ ಗಾಯವಾದಾಗ ಬರವಣಿಗೆಯ ನೆರವಿಗೆ ಬಂದ ಪುಸ್ತಕ ಕಟ್ಟುವ ಕೆಲಸದ ಯುವಕ ಮೈಕೆಲ್ ಫ್ಯಾರಡೆ, 1813ರಲ್ಲಿ ಪ್ರಯೋಗಶಾಲೆಯ ಸಹಾಯಕನಾಗಿ ನೇಮಕಗೊಂಡ.

ಯೂರೋಪ್ ಪ್ರವಾಸ ಮತ್ತು ರಕ್ಷಾದೀಪ

1813ರಿಂದ 1815ರವರೆಗೆ ಡೇವಿ ಪತ್ನಿ ಮತ್ತು ಫ್ಯಾರಡೆಯೊಡನೆ ಫ್ರಾನ್ಸ್, ಇಟಲಿಗಳಲ್ಲಿ ಸಂಚರಿಸಿದ. ಪ್ಯಾರಿಸ್ಸಿನಲ್ಲಿ ಹೊಸದಾಗಿ ದೊರೆತಿದ್ದ ಅಯೋಡಿನ್ ಒಂದು ಮೂಲಧಾತು ಎಂದು ತೀರ್ಮಾನಿಸಿದ. ಫ್ಲಾರೆನ್ಸಿನಲ್ಲಿ ದೊಡ್ಡ ಮಸೂರದಿಂದ ಬಿಸಿಲನ್ನು ಕೇಂದ್ರೀಕರಿಸಿ ವಜ್ರವನ್ನು ಸುಟ್ಟು ಅದು ಕೇವಲ ಇಂಗಾಲವೆಂದು ತೋರಿಸಿದ.

ಹಿಂದಿರುಗಿದ ಮೇಲೆ ಕಲ್ಲಿದ್ದಲು ಗಣಿಗಳ ಸಮಸ್ಯೆ ಕಾದಿತ್ತು. 1812ರಲ್ಲಿ ಫೆಲಿಂಗ್ ಗಣಿಯಲ್ಲಿ ಅನಿಲಸ್ಫೋಟವಾಗಿ 92 ಮಂದಿ ಸತ್ತಿದ್ದರು. 1815ರಲ್ಲಿ ಡೇವಿ ಜ್ವಾಲೆಯ ಸುತ್ತ ನವುರಾದ ಲೋಹದ ಜಾಲರಿಯನ್ನಿಟ್ಟ ದೀಪವನ್ನು ರೂಪಿಸಿದ. ಜಾಲರಿಯ ತಂತಿಗಳು ಶಾಖವನ್ನು ಹೀರಿಕೊಳ್ಳುವುದರಿಂದ ಜ್ವಾಲೆ ಹೊರಗಿನ ಅನಿಲಕ್ಕೆ ದಾಟಲಾರದು. ಇದಕ್ಕೆ ಆತ ಪೇಟೆಂಟ್ ಪಡೆಯಲಿಲ್ಲ. ಇಂಥದೇ ದೀಪವನ್ನು ತಾನೂ ರೂಪಿಸಿದ್ದ ಜಾರ್ಜ್ ಸ್ಟೀಫನ್‌ಸನ್‌ನ ಬೆಂಬಲಿಗರೊಡನೆ ಕಹಿಯಾದ ವಿವಾದ ನಡೆಯಿತು. ದೀಪದ ದೌರ್ಬಲ್ಯವೂ ಬೇಗನೆ ಗೊತ್ತಾಯಿತು: ಗಣಿಯ ತೇವದಲ್ಲಿ ಜಾಲರಿಯ ಒಂದೇ ಒಂದು ತಂತಿ ತುಕ್ಕು ಹಿಡಿದು ತುಂಡಾದರೂ ರಕ್ಷಣೆ ಇಲ್ಲವಾಗುತ್ತಿತ್ತು. 1818ರಲ್ಲಿ ಡೇವಿಗೆ ಬ್ಯಾರನೆಟ್ ಪದವಿ ದೊರೆಯಿತು. 1820ರ ನವೆಂಬರಿನಲ್ಲಿ ಆತ ರಾಯಲ್ ಸೊಸೈಟಿಯ ಅಧ್ಯಕ್ಷನಾದ.

ಹಡಗುಗಳ ತಾಮ್ರದ ಹೊದಿಕೆ

ಮರದ ಹಡಗುಗಳಿಗೆ ಸಮುದ್ರದಲ್ಲಿ ಎರಡು ಶತ್ರುಗಳಿದ್ದವು. ಹಡಗುಹುಳುಗಳು ಹಲಗೆಯನ್ನು ಕೊರೆದು ಜರಡಿಯಾಗಿಸುತ್ತಿದ್ದವು. ಪಾಚಿ, ಕಡಲಕಳೆ ಮತ್ತು ಬಾರ್ನಕಲ್ ಎಂಬ ಚಿಪ್ಪುಜೀವಿಗಳು ತಳಕ್ಕೆ ಅಂಟಿಕೊಂಡು ವೇಗವನ್ನು ಕುಗ್ಗಿಸುತ್ತಿದ್ದವು. ಇವೆರಡಕ್ಕೂ ಪರಿಹಾರವೆಂದು ಬ್ರಿಟಿಷ್ ನೌಕಾದಳ 1761ರಲ್ಲಿ ಅಲಾರ್ಮ್ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊದಿಸಿತು. ಹುಳುವಿನ ಕಾಟ ತಪ್ಪಿತು, ತಳವೂ ಸ್ವಚ್ಛವಾಗಿ ಉಳಿಯಿತು. ಆದರೆ 1763ರಲ್ಲಿ ಪರೀಕ್ಷಿಸಿದಾಗ ತಾಮ್ರವನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದ ಅಲ್ಲಲ್ಲಿ ತೆಗೆಯದೆ ಉಳಿದು, ಮೊಳೆಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡಿದ್ದ ಕಡೆ ಮಾತ್ರ ಕಬ್ಬಿಣ ಚೆನ್ನಾಗಿತ್ತು. ಎರಡು ಲೋಹಗಳನ್ನು ನೇರವಾಗಿ ತಾಗಿಸಬಾರದೆಂಬ ಪಾಠ ಹೀಗೆ ಕಾರಣ ತಿಳಿಯದೆಯೇ ದೊರೆಯಿತು. ಮುಂದೆ ಕಬ್ಬಿಣದ ಮೊಳೆಗಳ ಬದಲಿಗೆ ತಾಮ್ರದ ಮಿಶ್ರಲೋಹದ ಮೊಳೆಗಳು ಬಂದವು.

ಇದರಿಂದ ಮೊಳೆಗಳು ಉಳಿದರೂ ತಾಮ್ರದ ತಗಡೇ ಉಪ್ಪುನೀರಿನಲ್ಲಿ ನಿಧಾನವಾಗಿ ಸವೆಯುತ್ತಿತ್ತು. ದೊಡ್ಡ ನೌಕಾಪಡೆಯೊಂದರ ಹಡಗುಗಳಿಗೆಲ್ಲ ಕೆಲವೇ ವರ್ಷಗಳಿಗೊಮ್ಮೆ ಹೊಸ ತಾಮ್ರ ಹೊದಿಸುವುದು ಬಹಳ ವೆಚ್ಚದ ಬಾಬತ್ತಾಗಿತ್ತು. ತಾಮ್ರದಲ್ಲಿರುವ ಕಲ್ಮಶವೇ ಇದಕ್ಕೆ ಕಾರಣವೆಂಬ ಅನುಮಾನ ವ್ಯಾಪಕವಾಗಿತ್ತು. 1823ರಲ್ಲಿ ನೌಕಾ ಮಂಡಳಿ ರಾಯಲ್ ಸೊಸೈಟಿಯ ಸಲಹೆ ಕೇಳಿತು. ಅಧ್ಯಕ್ಷನಾಗಿದ್ದ ಡೇವಿ ಕೆಲಸವನ್ನು ತಾನೇ ವಹಿಸಿಕೊಂಡ. ಪ್ರಯೋಗಗಳಲ್ಲಿ ಫ್ಯಾರಡೆಯ ನೆರವೂ ಇತ್ತು.

ಪ್ರಯೋಗಗಳು

ಶುದ್ಧ ತಾಮ್ರವೂ ಸಮುದ್ರದ ನೀರಿನಲ್ಲಿ ಸವೆಯುತ್ತದೆಯೆಂದು ಡೇವಿ ಮೊದಲಿಗೆ ಕಂಡುಕೊಂಡ. ಸವೆತಕ್ಕೆ ನೀರಿನಲ್ಲಿ ಕರಗಿರುವ ಗಾಳಿಯ ಆಮ್ಲಜನಕ ಬೇಕು. ಅದು ಒದಗುತ್ತಿರುವವರೆಗೆ ತಾಮ್ರ ಲವಣವಾಗಿ ಕರಗುತ್ತ ಹೋಗುತ್ತದೆ. ಇಲ್ಲಿ ಆತ 1806ರ ತನ್ನ ಸಿದ್ಧಾಂತಕ್ಕೆ ಮರಳಿದ. ಸಮುದ್ರದ ನೀರಿನೊಡನೆ ವರ್ತಿಸುವಾಗ ತಾಮ್ರ ದುರ್ಬಲವಾದ ಧನ ವಿದ್ಯುತ್ ಸ್ಥಿತಿಯಲ್ಲಿರುತ್ತದೆ. ಅದನ್ನು ಸ್ವಲ್ಪವೇ ಋಣ ಸ್ಥಿತಿಗೆ ತಂದರೆ ವರ್ತನೆ ನಿಲ್ಲಬೇಕು. ಹಾಗೆ ತರಲು ಬ್ಯಾಟರಿಯ ಅಗತ್ಯವಿಲ್ಲ. ತಾಮ್ರಕ್ಕಿಂತ ಸುಲಭವಾಗಿ ಕರಗುವ ಲೋಹವೊಂದನ್ನು ಅದಕ್ಕೆ ತಾಗಿಸಿದರೆ ಸಾಕು. ಆ ಲೋಹ ತಾನು ಕರಗುತ್ತ ತಾಮ್ರವನ್ನು ಉಳಿಸುತ್ತದೆ.

ಅಲಾರ್ಮ್ ನೌಕೆಯಲ್ಲಿ ಮೊಳೆಗಳನ್ನು ತಿಂದುಹಾಕಿದ್ದೂ ಇದೇ ಕ್ರಿಯೆ. ಅಲ್ಲಿ ಹಡಗನ್ನು ಹಿಡಿದಿಡಬೇಕಾದ ಕಬ್ಬಿಣ ಕರಗಿತ್ತು. ಡೇವಿ ಕರಗಲೆಂದೇ ಇಟ್ಟ, ಬೇಕಾದಾಗ ಬದಲಿಸಬಹುದಾದ ಕಬ್ಬಿಣದಿಂದ ಅದೇ ಕೆಲಸ ಮಾಡಿಸಿದ.

ಪ್ರಯೋಗಶಾಲೆಯ ಫಲಿತಾಂಶಗಳು ಬೆರಗುಗೊಳಿಸುವಂತಿದ್ದವು. ಬಟಾಣಿ ಕಾಳಿನಷ್ಟು ಸತುವಿನ ತುಂಡು ಅಥವಾ ಚಿಕ್ಕ ಕಬ್ಬಿಣದ ಮೊಳೆಯ ತುದಿ 40ರಿಂದ 50 ಚದರ ಅಂಗುಲ ತಾಮ್ರವನ್ನು ಕಾಪಾಡುತ್ತಿತ್ತು. ಅದು ತಾಮ್ರದ ಯಾವ ಭಾಗಕ್ಕೆ ತಾಗಿದ್ದರೂ ಪರಿಣಾಮ ಬದಲಾಗುತ್ತಿರಲಿಲ್ಲ. ತಾಮ್ರದ ತುಂಡುಗಳನ್ನು ತೆಳುವಾದ ತಂತಿಯಿಂದ ಜೋಡಿಸಿದ್ದರೂ ಎಲ್ಲ ತುಂಡುಗಳಿಗೂ ರಕ್ಷಣೆ ದೊರೆಯುತ್ತಿತ್ತು. 1824ರ ಜನವರಿ 22ರಂದು ಡೇವಿ ಈ ಕುರಿತ ಮೊದಲ ಪ್ರಬಂಧವನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಪೇಟೆಂಟ್ ಪಡೆಯಬಹುದಾಗಿದ್ದರೂ ಅದನ್ನು ಬಿಟ್ಟು, ವಿಧಾನವನ್ನು ದೇಶಕ್ಕೆ ಒಪ್ಪಿಸಿದ.

ಬಳಿಕ ಪೋರ್ಟ್ಸ್‌ಮತ್ ಬಂದರಿನ ಹರಿಯುವ ನೀರಿನಲ್ಲಿ ವಾರಗಟ್ಟಲೆ ಪರೀಕ್ಷೆ ನಡೆಯಿತು. ತೂಕ ಮಾಡಿದ ತಾಮ್ರದ ಹಾಳೆಗಳಿಗೆ ಬೇರೆ ಬೇರೆ ಅಳತೆಯ ಸತು, ಮೆದು ಕಬ್ಬಿಣ ಮತ್ತು ಬೀಡು ಕಬ್ಬಿಣದ ರಕ್ಷಕಗಳನ್ನು ಜೋಡಿಸಿ ಇಳಿಬಿಟ್ಟು, ಮತ್ತೆ ತೂಕ ನೋಡಲಾಯಿತು. ರಕ್ಷಕದ ಮೇಲ್ಮೈ ತಾಮ್ರದ ಮೇಲ್ಮೈಯ 40ನೆಯ ಒಂದು ಭಾಗದಿಂದ 110ನೆಯ ಒಂದು ಭಾಗದವರೆಗೆ ಇದ್ದಾಗ ತಾಮ್ರ ಕಿಂಚಿತ್ತೂ ಸವೆಯಲಿಲ್ಲ. 200ನೆಯ ಒಂದು ಭಾಗಕ್ಕೂ ಕಡಿಮೆಯಾದಾಗ ಸವೆತ ಕಾಣಿಸಿಕೊಂಡು, ರಕ್ಷಕ ಚಿಕ್ಕದಾದಷ್ಟೂ ಹೆಚ್ಚಿತು. ಬೀಡು ಕಬ್ಬಿಣ ಅಗ್ಗವೂ ಬಾಳಿಕೆಯದೂ ಆದ್ದರಿಂದ ಅದನ್ನೇ ಆಯ್ದುಕೊಳ್ಳಲಾಯಿತು. 1824ರ ಬೇಸಿಗೆಯಲ್ಲಿ ಡೇವಿ ನೌಕಾದಳದ ಕಾಮೆಟ್ ಎಂಬ ಉಗಿಹಡಗಿನಲ್ಲಿ ನಾರ್ವೆಯ ಕಡೆಗೆ ಹೋಗಿ, ಹಡಗು ವೇಗವಾಗಿ ಚಲಿಸುವಾಗ ರಕ್ಷಕಗಳು ಹೇಗೆ ವರ್ತಿಸುತ್ತವೆಂದು ಪರೀಕ್ಷಿಸಿದ. ಆ ಪ್ರವಾಸದಲ್ಲಿಯೇ ಸ್ವೀಡನ್ನಿನ ಬರ್ಜೀಲಿಯಸ್ ಮತ್ತು ಡೆನ್ಮಾರ್ಕಿನ ಅರ್ಸ್ಟೆಡ್‌ರನ್ನು ಕಂಡ.

ಸೋಲು

ನೌಕಾದಳ ದೀರ್ಘ ಪರೀಕ್ಷೆಗೆ ಕಾಯದೆ ಹಲವು ಹಡಗುಗಳಿಗೆ ರಕ್ಷಕಗಳನ್ನು ಅಳವಡಿಸಿತು. ತಾಮ್ರವೇನೋ ಉಳಿಯಿತು. ಆದರೆ ರಕ್ಷಿತ ಹಡಗುಗಳ ತಳದಲ್ಲಿ ಕಡಲಕಳೆಯೂ ಬಾರ್ನಕಲ್ಲುಗಳೂ ದಟ್ಟವಾಗಿ ಬೆಳೆದವು. ಬಂದರಿನಲ್ಲಿ ಲಂಗರು ಹಾಕಿ ನಿಂತಿದ್ದ ಹಡಗುಗಳಲ್ಲಂತೂ ಈ ತೊಂದರೆ ವಿಪರೀತವಾಗಿತ್ತು. ಎಲ್ಲ ಹಡಗುಗಳ ಅನುಭವವೂ ಒಂದೇ ಆಗಿರಲಿಲ್ಲ. 1821ರಲ್ಲಿ ಭಾರತದಲ್ಲಿ ತಾಮ್ರ ಹೊದಿಸಲಾಗಿದ್ದ ಸಮರಂಗ್ ಎಂಬ ನೌಕೆ, ರಕ್ಷಕಗಳನ್ನು ಹೊತ್ತು ನೋವಾ ಸ್ಕೋಷಿಯಾಕ್ಕೆ ಹೋಗಿ 1825ರ ಜನವರಿಯಲ್ಲಿ ಮರಳಿದಾಗ ಅದರ ತಳ ಬಹುಮಟ್ಟಿಗೆ ಸ್ವಚ್ಛವಾಗಿತ್ತು. ಆದರೂ ಒಟ್ಟು ದೂರುಗಳ ಮುಂದೆ ಇಂಥ ಉದಾಹರಣೆಗಳಿಗೆ ಬೆಲೆ ಬರಲಿಲ್ಲ.

ತಾಮ್ರದ ತಳ ಸ್ವಚ್ಛವಾಗಿರುತ್ತಿದ್ದುದೇ ತಾಮ್ರ ಸವೆಯುತ್ತಿದ್ದುದರಿಂದ. ನಿಧಾನವಾಗಿ ಕರಗುವ ತಾಮ್ರದ ಲವಣಗಳು ಅಂಟಿಕೊಳ್ಳಲು ಬರುವ ಜೀವಿಗಳಿಗೆ ವಿಷ. ಸವೆತವನ್ನು ಪೂರ್ತಿಯಾಗಿ ನಿಲ್ಲಿಸಿದಾಗ ಆ ವಿಷವೂ ನಿಂತುಹೋಯಿತು. ಅದರ ಜೊತೆಗೆ ಇನ್ನೊಂದು ಪರಿಣಾಮವೂ ಸೇರಿತು. ರಕ್ಷಿತ ತಾಮ್ರದ ಮೇಲ್ಮೈಯಲ್ಲಿ ಕ್ಷಾರ ಉಂಟಾಗುವುದರಿಂದ ಸಮುದ್ರದ ನೀರಿನ ಸುಣ್ಣ ಮತ್ತು ಮೆಗ್ನೀಸಿಯಮ್ ಲವಣಗಳು ಒತ್ತರಿಸಿ ಬಿಳಿಯ ಪದರವಾಗಿ ಕೂರುತ್ತವೆ. ಚಿಪ್ಪುಜೀವಿಗಳಿಗೆ ಅದು ಒಳ್ಳೆಯ ನೆಲೆಯಾಯಿತು. ಡೇವಿ ಈ ಪದರವನ್ನು ಗಮನಿಸಿದ್ದ. ರಕ್ಷಕದ ಪ್ರಮಾಣವನ್ನು ತಗ್ಗಿಸಿ, ತಾಮ್ರ ತಳವನ್ನು ಸ್ವಚ್ಛವಾಗಿಡುವಷ್ಟು ಮಾತ್ರ ಸವೆಯುವಂತೆ ಹದ ಹುಡುಕಬೇಕೆಂದು 1825ರ ಪ್ರಬಂಧದಲ್ಲಿ ವಿವರಿಸಿದ. ಅದಕ್ಕೆ ಬೇಕಾದ ತಾಳ್ಮೆ ನೌಕಾದಳಕ್ಕೆ ಉಳಿದಿರಲಿಲ್ಲ. 1825ರಲ್ಲಿಯೇ ರಕ್ಷಕಗಳನ್ನು ತೆಗೆಯುವ ಆದೇಶಗಳು ಹೊರಟವು. 1828ರ ವೇಳೆಗೆ ಯೋಜನೆಯನ್ನು ಸಂಪೂರ್ಣವಾಗಿ ಕೈಬಿಡಲಾಯಿತು.

ಪ್ರಯೋಗಶಾಲೆಯಲ್ಲಿ ಡೇವಿ ಕೇಳಿಕೊಂಡ ಪ್ರಶ್ನೆಗೆ ದೊರೆತ ಉತ್ತರದಲ್ಲಿ ತಪ್ಪಿರಲಿಲ್ಲ. ಹಡಗಿನಲ್ಲಿ ತಾಮ್ರ ಮಾಡುತ್ತಿದ್ದ ಕೆಲಸವೇನೆಂಬ ಪ್ರಶ್ನೆ ಮಾತ್ರ ತಡವಾಗಿ ಎದುರಾಯಿತು. ಇಡೀ ನೌಕಾಪಡೆಗೆ ಅಳವಡಿಸುವ ಮುನ್ನ ಬೆರಳೆಣಿಕೆಯ ಹಡಗುಗಳನ್ನು ಒಂದೆರಡು ವರ್ಷ ನೀರಿನಲ್ಲಿ ಬಿಟ್ಟು ನೋಡಿದ್ದರೆ ಅದು ಅಗ್ಗವಾಗಿಯೇ ತಿಳಿಯುತ್ತಿತ್ತು. ಪತ್ರಿಕೆಗಳು ರಾಯಲ್ ಸೊಸೈಟಿಯ ಅಧ್ಯಕ್ಷನನ್ನು ಗೇಲಿ ಮಾಡಿದವು. ಹೊಗಳಿಕೆಗೆ ಒಗ್ಗಿದ್ದ ಡೇವಿಗೆ ಈ ಅಪಹಾಸ್ಯ ಆಳವಾಗಿ ನಾಟಿತು. ಇದೇ ಅವಧಿಯಲ್ಲಿ ಫ್ಯಾರಡೆಯೊಡನೆ ಸಂಬಂಧವೂ ಹಳಸಿತ್ತು. 1824ರಲ್ಲಿ ಫ್ಯಾರಡೆ ರಾಯಲ್ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದದ್ದು ಡೇವಿಯ ವಿರೋಧದ ನಡುವೆ.

ಕೊನೆಯ ದಿನಗಳು

1826ರ ಕೊನೆಯಲ್ಲಿ ಡೇವಿ ಪಾರ್ಶ್ವವಾಯುವಿಗೆ ತುತ್ತಾದ. 1827ರಲ್ಲಿ ಅಧ್ಯಕ್ಷಪದವಿಯನ್ನು ತೊರೆದಾಗ ಆ ಸ್ಥಾನಕ್ಕೆ ಬಂದವನು, ಪೆನ್ಜಾನ್ಸಿನ ಬಾಲಕನನ್ನು ಮೊದಲು ಗುರುತಿಸಿದ್ದ ಡೇವೀಸ್ ಗಿಲ್ಬರ್ಟ್. ಉಳಿದ ದಿನಗಳನ್ನು ಡೇವಿ ಹೆಚ್ಚಾಗಿ ಇಟಲಿ ಮತ್ತು ಆಲ್ಪ್ಸ್ ಸುತ್ತಿನ ನಾಡುಗಳಲ್ಲಿ ಕಳೆದ. ಗಾಳ ಹಾಕಿ ಮೀನು ಹಿಡಿಯುವುದನ್ನು ಕುರಿತ ಆತನ ಪುಸ್ತಕ 1828ರಲ್ಲಿ ಹೊರಬಂದಿತು. ಪ್ರವಾಸದ ನಡುವಿನ ತಾತ್ತ್ವಿಕ ಸಂವಾದಗಳ ಇನ್ನೊಂದು ಪುಸ್ತಕ ಮರಣಾನಂತರ 1830ರಲ್ಲಿ ಪ್ರಕಟವಾಯಿತು. 1829ರ ಮೇ 29ರಂದು, ತನ್ನ 50ನೆಯ ವಯಸ್ಸಿನಲ್ಲಿ, ಡೇವಿ ಜಿನೀವಾದಲ್ಲಿ ನಿಧನನಾದ. ಅಲ್ಲಿನ ಪ್ಲೇನ್‌ಪಲೈ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಈತನಿಗೆ ಮಕ್ಕಳಿರಲಿಲ್ಲ.

ಸಂರಕ್ಷಣಾ ವಿಧಾನದ ಮುಂದಿನ ಬಳಕೆ

ಡೇವಿ ತೀರಿಕೊಂಡ ವರ್ಷವೇ ಆತನ ದಾಯಾದಿ ಎಡ್ಮಂಡ್ ಡೇವಿ ಸಮುದ್ರದಲ್ಲಿ ತೇಲುವ ಕಬ್ಬಿಣದ ಬೋಯೆಗಳನ್ನು ಸತುವಿನ ತುಂಡುಗಳಿಂದ ಕಾಪಾಡಬಹುದೆಂದು ತೋರಿಸಿದ. ಕಬ್ಬಿಣಕ್ಕೆ ತಾಮ್ರದಂತೆ ವಿಷಗುಣವಿಲ್ಲ. ಆದ್ದರಿಂದ ಅದರ ಸವೆತವನ್ನು ನಿಲ್ಲಿಸಿದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದಿನ ಜಿ.ಐ. ತಗಡು ಮತ್ತು ಕೊಳವೆಗಳಲ್ಲಿ ಲೇಪ ಗೀರಿಹೋದ ಜಾಗದಲ್ಲಿಯೂ ತುಕ್ಕು ಬೇಗನೆ ಹಿಡಿಯದಿರುವುದು ಡೇವಿ ಕಂಡ ತತ್ತ್ವದಿಂದಲೇ. ಆನೋಡ್, ಕ್ಯಾಥೋಡ್ ಎಂಬ ಪದಗಳನ್ನು ಫ್ಯಾರಡೆ ಬಳಕೆಗೆ ತಂದದ್ದು 1834ರಲ್ಲಿ. ಕ್ಯಾಥೋಡಿಕ್ ಸಂರಕ್ಷಣೆ ಎಂಬ ಹೆಸರು ಡೇವಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ.

1928ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ರಾಬರ್ಟ್ ಕೂನ್ ಎಂಬ ಎಂಜಿನಿಯರ್ ನೆಲದಡಿಯ ಅನಿಲ ಕೊಳವೆಗೆ ಹೊರಗಿನಿಂದ ನೇರ ವಿದ್ಯುತ್ತನ್ನು ಹಾಯಿಸಿ ರಕ್ಷಣೆ ಕೊಟ್ಟ. ತಾಮ್ರ–ತಾಮ್ರದ ಸಲ್ಫೇಟ್ ವಿದ್ಯುದ್ವಾರಕ್ಕೆ ಹೋಲಿಸಿದಂತೆ ಉಕ್ಕಿನ ವಿಭವ -0.85 ವೋಲ್ಟ್ ಇದ್ದರೆ ಸಾಕೆಂಬ ಆತನ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಈಗ ರಾಸಾಯನಿಕ ಸ್ಥಾವರಗಳಲ್ಲಿ ನೆಲದಡಿಯ ಕೊಳವೆಗಳು, ದೊಡ್ಡ ತೊಟ್ಟಿಗಳ ತಳ, ಸಮುದ್ರದ ದಕ್ಕೆಯ ಉಕ್ಕಿನ ಕಂಬಗಳು ಇವುಗಳಿಗೆ ಸತು, ಮೆಗ್ನೀಸಿಯಮ್ ಅಥವಾ ಅಲ್ಯೂಮಿನಿಯಮ್ ಮಿಶ್ರಲೋಹದ ಬಲಿ ಆನೋಡ್‌ಗಳನ್ನು, ಇಲ್ಲವೇ ಹೊರಗಿನ ವಿದ್ಯುತ್ತನ್ನು ಬಳಸುತ್ತಾರೆ. ಮೆಗ್ನೀಸಿಯಮ್ಮನ್ನು ಮೊದಲು ಬೇರ್ಪಡಿಸಿದವನೂ ಡೇವಿಯೇ. ಬೇರೆ ಬೇರೆ ಲೋಹದ ಕೊಳವೆಗಳನ್ನು ಜೋಡಿಸುವ ಕಡೆ ನಡುವೆ ವಿದ್ಯುತ್ ಹರಿಯದ ಗ್ಯಾಸ್ಕೆಟ್ ಇಡುತ್ತಾರೆ. ಅಲಾರ್ಮ್ ನೌಕೆಯಲ್ಲಿ ಆ ಕೆಲಸವನ್ನು ಕಂದು ಕಾಗದ ಮಾಡಿತ್ತು.

ವಿಧಾನಕ್ಕೆ ಮಿತಿಗಳೂ ಇವೆ. ಪ್ರಬಲ ಆಮ್ಲಗಳನ್ನು ತುಂಬಿದ ಪಾತ್ರೆಗಳ ಒಳಭಾಗಕ್ಕೆ ಬೇಕಾಗುವ ವಿದ್ಯುತ್ ಪ್ರವಾಹ ವಿಪರೀತವಾದ್ದರಿಂದ ಅಲ್ಲಿ ಇದು ಪ್ರಯೋಜನಕ್ಕೆ ಬಾರದು. ಅಂಥ ಕಡೆ ತುಕ್ಕುನಿರೋಧಕ ಉಕ್ಕು, ರಬ್ಬರ್ ಅಥವಾ ಗಾಜಿನ ಒಳಪದರಗಳನ್ನು ಅವಲಂಬಿಸಬೇಕು. ಸಾರಯುಕ್ತ ಗಂಧಕಾಮ್ಲದ ಉಕ್ಕಿನ ತೊಟ್ಟಿಗಳಲ್ಲಿ ಇದಕ್ಕೆ ತೀರ ವಿರುದ್ಧವಾಗಿ, ಲೋಹವನ್ನು ಧನ ಸ್ಥಿತಿಗೆ ಒಯ್ದು ಮೇಲೆ ರಕ್ಷಕ ಪೊರೆ ಕಟ್ಟುವಂತೆ ಮಾಡುವ ಆನೋಡಿಕ್ ಸಂರಕ್ಷಣೆ ಬಳಕೆಯಲ್ಲಿದೆ. ಕ್ಯಾಥೋಡಿಕ್ ರಕ್ಷಣೆ ಅತಿಯಾದರೂ ಅಪಾಯವಿದೆ. ಉಕ್ಕಿನ ಮೇಲೆ ಹೈಡ್ರೋಜನ್ ಹುಟ್ಟಿ ಗಟ್ಟಿ ಉಕ್ಕು ಪೆಡಸಾಗಬಹುದು, ಬಣ್ಣದ ಲೇಪ ಕಳಚಿಕೊಳ್ಳಬಹುದು. ಡೇವಿಯ ಹಡಗುಗಳಿಗೆ ಕಂಟಕವಾದ ಸುಣ್ಣದ ಪದರ ಮಾತ್ರ ಇಂದು ಸಮುದ್ರದೊಳಗಿನ ಉಕ್ಕಿಗೆ ಉಪಕಾರಿ. ಅದು ಲೋಹವನ್ನು ಮುಚ್ಚಿ, ಬೇಕಾಗುವ ವಿದ್ಯುತ್ತಿನ ಪ್ರಮಾಣವನ್ನು ತಗ್ಗಿಸುತ್ತದೆ.

ಸಮುದ್ರದ ನೀರಿನಿಂದ ತಂಪುಗೊಳಿಸುವ ಶಾಖ ವಿನಿಮಯಕಗಳಲ್ಲಿ 1824ರ ಸಮಸ್ಯೆ ಇಂದಿಗೂ ಹಾಗೆಯೇ ಕಾಣಸಿಗುತ್ತದೆ. ತಾಮ್ರದ ಮಿಶ್ರಲೋಹದ ನಳಿಕೆಗಳನ್ನು ಕಾಪಾಡಲು ಕೆಲವು ಕಡೆ ಕಬ್ಬಿಣದ ಆನೋಡ್‌ಗಳನ್ನೇ ಇಡುತ್ತಾರೆ, ಎಂದರೆ ಡೇವಿಯ ಜೋಡಿಯನ್ನೇ. ಒಳಗೆ ಚಿಪ್ಪುಜೀವಿಗಳು ಬೆಳೆಯದಂತೆ ತಡೆಯಲು ಮಾತ್ರ ಬೇರೆಯದೇ ಏರ್ಪಾಡಿದೆ. ನೀರಿಗೆ ಕ್ಲೋರಿನ್ ಬೆರೆಸಲಾಗುತ್ತದೆ. ಹಲವು ಕಡೆ ಆ ಕ್ಲೋರಿನನ್ನು ಸಮುದ್ರದ ನೀರಿನ ವಿದ್ಯುದ್ವಿಭಜನೆಯಿಂದ ಸ್ಥಳದಲ್ಲಿಯೇ ತಯಾರಿಸುತ್ತಾರೆ.

ಸ್ಮಾರಕಗಳು

ರಕ್ಷಾದೀಪಕ್ಕಾಗಿ ಗಣಿ ಮಾಲೀಕರು ಡೇವಿಗೆ ಕೊಟ್ಟಿದ್ದ ಬೆಳ್ಳಿಯ ಪಾತ್ರೆಗಳು ತಮ್ಮ ಜಾನ್ ಡೇವಿಯ ಉಯಿಲಿನ ಮೂಲಕ ರಾಯಲ್ ಸೊಸೈಟಿಗೆ ಸೇರಿದವು. ಅವನ್ನು ಮಾರಿ ಬಂದ ಹಣದಿಂದ ಡೇವಿ ಪದಕ ಸ್ಥಾಪನೆಯಾಯಿತು. 1877ರಲ್ಲಿ ಮೊದಲ ಪದಕವನ್ನು ಬುನ್ಸೆನ್ ಮತ್ತು ಕಿರ್ಖಾಫ್ ಪಡೆದರು. ಪೆನ್ಜಾನ್ಸಿನಲ್ಲಿ 1872ರಲ್ಲಿ ನಿಲ್ಲಿಸಿದ ಅಮೃತಶಿಲೆಯ ಪ್ರತಿಮೆಯಲ್ಲಿ ಡೇವಿಯೊಡನೆ ರಕ್ಷಾದೀಪವನ್ನು ಕೆತ್ತಲಾಗಿದೆ.